ಸಾಹೇಬರು ಹೇಳಿದರೆ ಸಾಕೇ?

ಕೇಳುಗರಿಗೆ ನಮಸ್ಕಾರ.

ನಾಯಕತ್ವ ತರಬೇತಿ ಅಂದರೆ ಸಾಕು, ಪೊಲೀಸರು, ಅಗ್ನಿಶಾಮಕ ದಳದವರು, ಅರಣ್ಯ ಇಲಾಖೆಯವರು ಒಳಗೊಳಗೇ ನಗುತ್ತಾರೆ. ಒಂದು ಹಾಲ್, ಪರದೆಯ ಮೇಲೆ ಸ್ಲೈಡು, ನಡುವೆ ಟೀ ಬಿಸ್ಕತ್ತು, ಕೊನೆಗೆ ಗ್ರೂಪ್ ಫೋಟೋ. ನಗುವುದರಲ್ಲಿ ತಪ್ಪೇನೂ ಇಲ್ಲ ಬಿಡಿ. ಆದರೆ ಈ ತರಬೇತಿ ನಿಜವಾಗಿ ಯಾತಕ್ಕೆ ಬೇಕು ಅನ್ನುವುದನ್ನು ತೋರಿಸಿಕೊಟ್ಟ ಒಂದು ಹಳೆಯ ದುರಂತ ಇದೆ. ಇವತ್ತು ಅದರ ಮಾತು.

1949ರ ಆಗಸ್ಟ್ 5. ಅಮೆರಿಕದ ಮೊಂಟಾನಾ ರಾಜ್ಯ. ಮಿಸೌರಿ ನದಿಯ ಪಕ್ಕ ಮ್ಯಾನ್ ಗಲ್ಚ್ ಎಂಬ ಕಡಿದಾದ ಕಣಿವೆ. ಸಿಡಿಲು ಬಡಿದು ಅಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು. ಆರಿಸಲು 15 ಮಂದಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಸ್ಮೋಕ್‌ಜಂಪರ್‌ಗಳು ಅಂತ ಇವರನ್ನು ಕರೆಯುತ್ತಾರೆ. ಹೆಚ್ಚಿನವರು ಚಿಕ್ಕ ವಯಸ್ಸಿನ ಹುಡುಗರು. ಕೆಳಗೆ ಒಬ್ಬ ಬೆಂಕಿ ಕಾವಲುಗಾರನೂ ಜೊತೆಗೂಡಿದ. ರೇಡಿಯೋ ಸೆಟ್ಟಿನ ಪ್ಯಾರಾಚೂಟ್ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಅದು ಬಿದ್ದು ಪುಡಿಯಾಯಿತು.

ತಂಡದ ಮುಖ್ಯಸ್ಥ ವ್ಯಾಗ್ನರ್ ಡಾಜ್. ವಯಸ್ಸು 33. ಅನುಭವ ಜಾಸ್ತಿ, ಮಾತು ಕಡಿಮೆ. ನದಿಯ ಕಡೆ ಇಳಿಯುತ್ತಿದ್ದಾಗ ಬೆಂಕಿ ಕಣಿವೆ ದಾಟಿ ಎದುರಿಗೇ ಬಂದುಬಿಟ್ಟಿದ್ದು ಅವನ ಕಣ್ಣಿಗೆ ಬಿತ್ತು. ತಿರುಗಿ ಗುಡ್ಡ ಹತ್ತಿ ಅಂದ. ಸ್ವಲ್ಪ ಹೊತ್ತಿಗೆ ಹೊರೆ, ಹತಾರ ಎಲ್ಲ ಬಿಸಾಡಿ ಅಂದ. ಕಾಲಡಿ ಪೂರ್ತಿ ಒಣಹುಲ್ಲು. ಏರಿನಲ್ಲಿ ನಮಗೆ ಏದುಸಿರು ಬರುತ್ತದೆ, ಬೆಂಕಿಗೆ ಇನ್ನಷ್ಟು ವೇಗ ಬರುತ್ತದೆ.

ಆಗ ಡಾಜ್ ನಿಂತ. ಬೆಂಕಿಕಡ್ಡಿ ಗೀರಿ, ಮುಂದಿದ್ದ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ. ಹುಲ್ಲು ಉರಿದು ಕಪ್ಪಾದ ಜಾಗದೊಳಗೆ ಹೋಗಿ, ಇಲ್ಲಿಗೆ ಬನ್ನಿ ಅಂತ ಕೂಗಿದ. ಒಬ್ಬನೂ ಬರಲಿಲ್ಲ. ಬೆನ್ನ ಹಿಂದೆ ಬೆಂಕಿ ಅಟ್ಟಿಸಿಕೊಂಡು ಬರುತ್ತಿರುವಾಗ ಮುಂದೆಯೂ ಬೆಂಕಿ ಹಾಕುವವನನ್ನು ಯಾರು ನಂಬುತ್ತಾರೆ ಹೇಳಿ? ಯಜಮಾನನಿಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಅವನ ಪಕ್ಕದಲ್ಲೇ ಮೇಲಕ್ಕೆ ಓಡಿದರು. ಡಾಜ್ ಒದ್ದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಬೂದಿಯಲ್ಲಿ ಬೋರಲು ಮಲಗಿದ. ದೊಡ್ಡ ಬೆಂಕಿಗೆ ಅಲ್ಲಿ ಸುಡಲು ಏನೂ ಉಳಿದಿರಲಿಲ್ಲ. ಅದು ಅವನನ್ನು ಬಿಟ್ಟು ಸುತ್ತಿನಿಂದ ಹಾದುಹೋಯಿತು. ಅವನು ಬದುಕಿದ. ಗುಡ್ಡದ ನೆತ್ತಿ ಮುಟ್ಟಿದ ಇನ್ನಿಬ್ಬರು ಬದುಕಿದರು. 13 ಮಂದಿ ತೀರಿಕೊಂಡರು.

ಡಾಜ್ ಹೇಳಿದ್ದು ಸರಿಯಾಗಿತ್ತು. ಯಾರೂ ಕೇಳಲಿಲ್ಲ, ಅಷ್ಟೇ. ಯಾಕೆ ಅಂದರೆ, ಆ ಉಪಾಯ ಇಲಾಖೆಯ ತರಬೇತಿಯಲ್ಲಿ ಇರಲೇ ಇಲ್ಲ. ಆ ವರ್ಷ ಹುಡುಗರು ತರಬೇತಿ ಪಡೆಯುವಾಗ ಡಾಜ್ ಬೇರೆ ಕೆಲಸದಲ್ಲಿದ್ದ. ಪಟ್ಟಿಯಲ್ಲಿ ಯಾರ ಸರದಿಯೋ ಅವರನ್ನು ವಿಮಾನ ಹತ್ತಿಸುತ್ತಿದ್ದರು. ಒಟ್ಟಿಗೆ ಉಂಡು, ಕೆಲಸ ಮಾಡಿ, ಜಗಳ ಆಡಿ ಪಳಗಿದ ತಂಡ ಅದಾಗಿರಲಿಲ್ಲ. ನಂಬಿಕೆಯನ್ನು ಬೆಂಕಿ ಬಂದ ಮೇಲೆ ಹುಟ್ಟಿಸಲು ಆಗುವುದಿಲ್ಲ.

ಆಮೇಲೆ 1957ರಲ್ಲಿ ಕಾಡುಬೆಂಕಿ ಆರಿಸುವವರಿಗಾಗಿ ಹತ್ತು ಆದೇಶಗಳ ಪಟ್ಟಿ ಬಂತು. ಎಲ್ಲರೂ ಬಾಯಿಪಾಠ ಮಾಡಿದರು. ಆದರೂ 1994ರ ಜುಲೈ 6ರಂದು ಕೊಲರಾಡೋದ ಸೌತ್ ಕ್ಯಾನ್ಯನ್‌ನಲ್ಲಿ 14 ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ಅಲ್ಲಿ ಕೆಲವರಿಗೆ ಇದು ಅಪಾಯ ಅಂತ ಮೊದಲೇ ಅನುಮಾನ ಬಂದಿತ್ತು. ಕೆಲಸ ಮಾತ್ರ ನಿಲ್ಲಲಿಲ್ಲ. ಮ್ಯಾನ್ ಗಲ್ಚ್‌ನಲ್ಲಿ ಮೇಲಿನವನ ಮಾತು ಕೆಳಗೆ ಇಳಿಯಲಿಲ್ಲ, ಇಲ್ಲಿ ಕೆಳಗಿನವರ ಅನುಮಾನಕ್ಕೆ ಮೇಲೆ ತೂಕ ಬರಲಿಲ್ಲ.

ಈಗ ಅಲ್ಲಿ ನಾಯಕತ್ವಕ್ಕೇ ಬೇರೆ ಪಾಠಗಳಿವೆ. ಮರಳಿನ ಹಾಸಿನ ಮೇಲೆ ಗುಡ್ಡ, ಕಣಿವೆ ಮಾಡುತ್ತಾರೆ. ಗಾಳಿ ಈ ಕಡೆ ತಿರುಗಿತು, ಈಗೇನು ಮಾಡುತ್ತೀಯ? ಬೇಗ ಹೇಳು! ಅಂತ ಕೇಳುತ್ತಾರೆ. ಇನ್ನು ತಂಡಗಳನ್ನು ಆ ದುರಂತದ ಜಾಗಗಳಿಗೇ ಕರೆದುಕೊಂಡು ಹೋಗುತ್ತಾರೆ. ಸೈನ್ಯದವರು ಹಳೆಯ ಯುದ್ಧಭೂಮಿಗಳಲ್ಲಿ ನಡೆದು ಕಲಿಯುವ ಪದ್ಧತಿ ಇದು. ಆ ಏರಿನಲ್ಲಿ ನಿಂತು, ಈ ಹೊತ್ತಿನಲ್ಲಿ ಡಾಜ್‌ಗೆ ಏನು ಗೊತ್ತಿತ್ತು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತಾರೆ. ಅಪಾಯದ ಕೆಲಸ ಒಪ್ಪಿಸಿದಾಗ, ಕಾರಣ ಹೇಳಿ, ಬೇರೆ ದಾರಿ ಸೂಚಿಸಿ, ಆಗುವುದಿಲ್ಲ ಅನ್ನುವುದು ಹೇಗೆ ಎಂದು ಜೇಬಿನಲ್ಲಿಟ್ಟುಕೊಳ್ಳುವ ಕೈಪಿಡಿಯಲ್ಲೇ ಅಚ್ಚು ಹಾಕಿದ್ದಾರೆ. ನಮ್ಮ ಕಡೆಯ ಇಲಾಖೆಗಳಲ್ಲಿ ಇದನ್ನು ಓದಿದರೆ ಕೆಲವರಿಗೆ ಬೆವರು ಬರಬಹುದು.

ಕೆಲಸ ಮುಗಿದ ಮೇಲೆ ಸುತ್ತ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸವೂ ಇದೆ. ಏನು ಅಂದುಕೊಂಡು ಹೋದೆವು? ಆಗಿದ್ದೇನು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ತಪ್ಪು ಯಾರದ್ದು ಅನ್ನುವ ಪ್ರಶ್ನೆ ಅದರಲ್ಲಿ ಇಲ್ಲ.

ನಮ್ಮ ಬಂಡೀಪುರಕ್ಕೆ ಇದು ದೂರದ ಮಾತಲ್ಲ. 2017ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರಲ್ಲೂ ದೊಡ್ಡ ಬೆಂಕಿ ಬಂತು. ಲಂಟಾನ ಎಂಬ ಕಳೆಪೊದೆ ತುಂಬಿದ ಕಾಡಿನಲ್ಲಿ, ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವವರು ಹೆಚ್ಚಾಗಿ ಹಂಗಾಮಿ ವಾಚರ್‌ಗಳು. ಅವರಲ್ಲಿ ಎಷ್ಟೋ ಮಂದಿ ಕಾಡಂಚಿನ ಹಾಡಿಗಳವರು. ಗಾಳಿ ಯಾವ ಹೊತ್ತಿಗೆ ಯಾವ ಕಡೆ ತಿರುಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಇಲಾಖೆಯಲ್ಲಿ ಮಾತ್ರ ಅವರ ಸ್ಥಾನ ಎಲ್ಲರಿಗಿಂತ ಕೆಳಗೆ.

ಹಾಗಾಗಿ ನನ್ನದೊಂದು ಸಲಹೆ. ಬೆಂಕಿ ರೇಖೆ ಸುಡುವ, ಅಂದರೆ ಮುಂದೆ ಬೆಂಕಿ ಹಬ್ಬದಂತೆ ಪಟ್ಟಿ ಪಟ್ಟಿಯಾಗಿ ಹುಲ್ಲು ಸುಟ್ಟು ತೆಗೆಯುವ ದಿನಗಳಲ್ಲೇ, ಅಪಾಯ ಕಡಿಮೆ ಇರುವಾಗಲೇ, ಸಾಯಂಕಾಲ ಕಾಲು ಗಂಟೆ ಎಲ್ಲರೂ ನೆಲದ ಮೇಲೆ ಕೂತು ಆ ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಮೊದಲು ವಾಚರ್ ಮಾತಾಡಲಿ, ಆಮೇಲೆ ಗಾರ್ಡ್, ಕೊನೆಗೆ ಸಾಹೇಬರು. ಸಾಹೇಬರೇ ಮೊದಲು ಬಾಯಿ ಬಿಟ್ಟರೆ ಉಳಿದವರು 'ಹೌದು ಸಾರ್' ಅಂದು ಎದ್ದು ಹೋಗುತ್ತಾರೆ, ಅಲ್ವಾ?

ನಮಸ್ಕಾರ.