ಹೊರಗೆ ಹೋಗದ ನಾಯಿಗೂ ಲಸಿಕೆ

“ನಮ್ಮ ನಾಯಿ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಅದಕ್ಕೇಕೆ ರೇಬೀಸ್ ಲಸಿಕೆ?” ಎಂಬ ಪ್ರಶ್ನೆಯನ್ನು ನಾಯಿಯನ್ನು ಮಗುವಿನಂತೆ ಸಾಕುವವರೇ ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಬೀದಿನಾಯಿಯೊಂದಿಗೆ ಕಚ್ಚಾಡಲು ಅರೆಗಳಿಗೆ ಸಾಕು. ದಟ್ಟ ರೋಮದ ಅಡಿಯ ಹಲ್ಲಿನ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ.

ರೇಬೀಸ್ ಎಂದರೆ ಜೊಲ್ಲು ಸುರಿಸುತ್ತಾ ಅಟ್ಟಿಸಿಕೊಂಡು ಬರುವ ಹುಚ್ಚುನಾಯಿ ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಕೂತಿದೆ. ಆದರೆ ಈ ರೋಗಕ್ಕೆ ಇನ್ನೊಂದು ಮುಖವಿದೆ. ನಾಯಿ ಮಂಕಾಗಿ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ನೀರನ್ನೂ ನುಂಗಲಾಗದೆ ಒದ್ದಾಡುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ಭಾವಿಸಿದ ಮಾಲೀಕರು ಬಾಯಿ ಅಗಲಿಸಿ, ಬರಿಗೈ ಹಾಕಿ ತಡಕುತ್ತಾರೆ. ಉಗುರಿನ ಬುಡದಲ್ಲೊಂದು ಸಣ್ಣ ಸೀಳಿದ್ದರೂ ವೈರಸ್ಸಿಗೆ ದಾರಿಯಾದೀತು. ಲಕ್ಷಣ ಕಾಣಿಸುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ಸು ಇರಬಲ್ಲದು ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿ. ಬೆಕ್ಕು ಸಾಕಿದವರೂ ಇದನ್ನು ತಮಗಲ್ಲವೆಂದುಕೊಳ್ಳಬಾರದು.

ಮನುಷ್ಯರಲ್ಲಿ ವೈರಸ್ಸು ನರಗಳ ಮೂಲಕ ಮೆದುಳು ತಲುಪಿ ಲಕ್ಷಣ ತೋರಲು ಸಾಮಾನ್ಯವಾಗಿ 2ರಿಂದ 3 ತಿಂಗಳು, ಕೆಲವೊಮ್ಮೆ ಒಂದೇ ವಾರ ಹಿಡಿಯುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ತೀರಾ ವಿರಳ. ಆದ್ದರಿಂದ ಕಚ್ಚಿದ ಅಥವಾ ಪರಚಿದ ಗಾಯವನ್ನು ತಕ್ಷಣವೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ನಲ್ಲಿಯ ಕೆಳಗೆ ಎರಡು ನಿಮಿಷವೂ ಬಹಳ ಹೊತ್ತೆನಿಸುತ್ತದೆ. ಆಮೇಲೆ ತಡಮಾಡದೆ ವೈದ್ಯರ ಬಳಿ ಹೋಗಿ. ರಕ್ತ ಬಂದ ಗಾಯಕ್ಕೆ ಸಾಮಾನ್ಯವಾಗಿ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು 10 ದಿನ ಗಮನಿಸುವ ಕ್ರಮವಿದೆ ನಿಜ, ಆದರೆ ಆ ಹತ್ತು ದಿನ ಚಿಕಿತ್ಸೆಯನ್ನು ಮುಂದಕ್ಕೆ ಹಾಕಲು ಕೊಟ್ಟ ರಜೆಯಲ್ಲ.

ಮರಿಗೆ ಮೊದಲ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ, ಬೂಸ್ಟರ್ ಒಂದು ವರ್ಷದ ಬಳಿಕ, ಮುಂದಿನವು ಪಶುವೈದ್ಯರು ಹೇಳಿದಂತೆ. ಅನೇಕರು ಮೊದಲನೆಯದನ್ನು ಸಂಭ್ರಮದಿಂದ ಹಾಕಿಸಿ, ಬೂಸ್ಟರನ್ನು ಮರೆತುಬಿಡುತ್ತಾರೆ. ಗಾಯ ಮಾಡಿಕೊಂಡು ಹೋದಾಗ “ನಾಯಿಗೆ ಕೊನೆಯ ಲಸಿಕೆ ಹಾಕಿಸಿದ್ದು ಯಾವಾಗ?” ಎಂದು ವೈದ್ಯರು ಕೇಳುತ್ತಾರೆ; ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.