ಮಿನಿಯೇಚರ್ ಡ್ಯಾಶ್‌ಹಂಡ್: ಮರಿಯ ಆಯ್ಕೆ ಮತ್ತು ಬೆನ್ನಿನ ಕಾಳಜಿ

(ಮಂಗಳೂರಿನಲ್ಲಿ ನಾಯಿ ಸಾಕುವವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಸಭಿಕರೇ,

ಮಿನಿಯೇಚರ್ ಡ್ಯಾಶ್‌ಹಂಡ್ ಮರಿಯ ಬಣ್ಣ, ಕೂದಲು, ಬೆಲೆಗಳ ಕುರಿತು ಮಾರುವವರೇ ಬೇಕಾದಷ್ಟು ಹೇಳುತ್ತಾರೆ. ಅವರು ಸಾಮಾನ್ಯವಾಗಿ ಹೇಳದೆ ಬಿಡುವುದು ಬೆನ್ನಿನ ವಿಚಾರ. ಇಂದು ನಾನು ಮುಖ್ಯವಾಗಿ ಅದನ್ನೇ ಎತ್ತಿಕೊಳ್ಳುತ್ತೇನೆ.

ಬಿಲದೊಳಗೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಎದುರಿಸಲೆಂದು ಜರ್ಮನಿಯಲ್ಲಿ ಬೆಳೆಸಿದ ತಳಿ ಇದು. ಇದರ ಕಾಲುಗಳನ್ನು ಗಿಡ್ಡವಾಗಿಸಿದ ವಂಶವಾಹಿ ವ್ಯತ್ಯಾಸಗಳಲ್ಲಿ ಒಂದು ಬೆನ್ನುಮೂಳೆಯ ಡಿಸ್ಕುಗಳನ್ನೂ (ಮೂಳೆಗಳ ನಡುವೆ ಇರುವ ಮೆತ್ತೆಗಳು) ಅಕಾಲದಲ್ಲಿ ಮುಪ್ಪಾಗಿಸುತ್ತದೆ ಎಂಬುದು 2017ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಖಚಿತವಾಯಿತು. ಮೆತ್ತಗಿರಬೇಕಾದ ಡಿಸ್ಕಿನ ತಿರುಳು ನಾಯಿಯ ಎಳೆಯ ಪ್ರಾಯದಲ್ಲೇ ಗಟ್ಟಿಯಾಗಿ ಸುಣ್ಣಗಟ್ಟುತ್ತದೆ. ಮುಂದೆ, ಹೆಚ್ಚಾಗಿ ಮೂರರಿಂದ ಏಳು ವರ್ಷದ ನಡುವೆ, ಅದು ಹೊರಚಿಮ್ಮಿ ಬೆನ್ನುಹುರಿಯನ್ನು ಒತ್ತಿದಾಗ ಹಿಂಗಾಲುಗಳ ಬಲ ಹೋಗುತ್ತದೆ. ಈ ತಳಿಯ ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಯಾವುದಾದರೊಂದು ಹಂತದಲ್ಲಿ ಈ ತೊಂದರೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ವಂಶವಾಹಿ ಪರೀಕ್ಷೆ ಮಾಡಿಸಿದ ಮರಿಯನ್ನೇ ಕೊಂಡರಾಯಿತಲ್ಲವೇ ಎಂದು ಕೇಳಬಹುದು. ಈ ವ್ಯತ್ಯಾಸ ಬಹುತೇಕ ಎಲ್ಲ ಡ್ಯಾಶ್‌ಹಂಡ್‌ಗಳಲ್ಲೂ ಇರುವುದರಿಂದ ಆ ಪರೀಕ್ಷೆಯಿಂದ ಜೊಳ್ಳು ಬೇರೆ, ಕಾಳು ಬೇರೆ ಆಗುವುದಿಲ್ಲ. ಡೆನ್ಮಾರ್ಕ್, ಫಿನ್ಲೆಂಡ್‌ನಂತಹ ದೇಶಗಳಲ್ಲಿ ತಂದೆ-ತಾಯಿ ನಾಯಿಗಳಿಗೆ ಎರಡರಿಂದ ನಾಲ್ಕು ವರ್ಷದೊಳಗೆ ಬೆನ್ನಿನ ಎಕ್ಸ್‌ರೇ ತೆಗೆಸಿ, ಸುಣ್ಣಗಟ್ಟಿದ ಡಿಸ್ಕುಗಳನ್ನು ಎಣಿಸಿ, ಸಂಖ್ಯೆ ಕಡಿಮೆಯಿರುವವನ್ನು ಸಂತಾನಕ್ಕೆ ಆರಿಸುತ್ತಾರೆ. ನಮ್ಮಲ್ಲಿ ಅಂತಹ ಎಕ್ಸ್‌ರೇ ತೋರಿಸುವ ಮಾರಾಟಗಾರ ಸಿಗದಿದ್ದರೆ, ಕೇಳಬೇಕಾದ ಪ್ರಶ್ನೆ ನೇರವಾದುದು: ಈ ಮರಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿಯಲ್ಲಿ ಯಾವುದಾದರೂ ಹಿಂಗಾಲು ಎಳೆದುಕೊಂಡು ನಡೆದದ್ದುಂಟೇ? ಐದಾರು ವರ್ಷ ದಾಟಿಯೂ ಗಟ್ಟಿಮುಟ್ಟಾಗಿ ಓಡಾಡುವ ಗಂಡುನಾಯಿಯ ಮರಿ, ಪ್ರದರ್ಶನದಲ್ಲಿ ಗೆದ್ದ ಎರಡು ವರ್ಷದ ನಾಯಿಯ ಮರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಗಾತ್ರದ ವಿಷಯದಲ್ಲಿಯೂ ಮೋಸಹೋಗುವವರಿದ್ದಾರೆ. ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟದ ಮಾನದಂಡದಲ್ಲಿ ಮಿನಿಯೇಚರ್ ಎಂಬುದನ್ನು ನಿರ್ಧರಿಸುವುದು ಮರಿಗೆ ಹದಿನೈದು ತಿಂಗಳು ತುಂಬಿದ ಮೇಲೆ ಎದೆಯ ಸುತ್ತಳತೆ ತೆಗೆದು. ಗಂಡಿಗೆ ಅದು 37 ಸೆಂಟಿಮೀಟರ್ ಮೀರಬಾರದು, ಹೆಣ್ಣಿಗೆ 35. ಆದ್ದರಿಂದ ಎಳೆಮರಿಯನ್ನು ಅಂಗೈಯಲ್ಲಿಟ್ಟು "ಇದು ಪಕ್ಕಾ ಮಿನಿಯೇಚರ್" ಎನ್ನುವವರ ಮಾತನ್ನು ನಂಬುವುದಕ್ಕಿಂತ ತಾಯಿಯನ್ನು ಕಣ್ಣಾರೆ ನೋಡುವುದು ಒಳ್ಳೆಯದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ಸರ್ಕಾರದ ನಿಯಮವೇ ಇದೆ. ತಂದೆ-ತಾಯಿ ಎರಡೂ ಚುಕ್ಕೆಮಚ್ಚೆಯ ಡ್ಯಾಪಲ್ ಬಣ್ಣದವಾಗಿದ್ದರೆ ಆ ಮರಿಗಳನ್ನು ಬಿಟ್ಟುಬಿಡಿ. ಅವುಗಳಲ್ಲಿ ಕೆಲವಕ್ಕೆ ಹುಟ್ಟು ಕುರುಡು ಅಥವಾ ಕಿವುಡು ಬರುತ್ತದೆ.

ಮರಿ ಮನೆಗೆ ಬಂದ ಮೇಲೆ ಮೊದಲು ಕಲಿಯಬೇಕಾದದ್ದು ಎತ್ತುವ ಕ್ರಮ. ಮುಂಗಾಲ ಕಂಕುಳಿಗೆ ಕೈಹಾಕಿ ಎತ್ತಿದರೆ ಇಡೀ ಹಿಂಭಾಗ ಜೋತುಬೀಳುತ್ತದೆ. ಒಂದು ಕೈ ಎದೆಯಡಿಗೆ, ಇನ್ನೊಂದು ಕೈ ಹಿಂಗಾಲುಗಳಡಿಗೆ ಇಟ್ಟು ಬೆನ್ನು ಅಡ್ಡವಾಗಿ ನೇರ ಇರುವಂತೆ ಎತ್ತಬೇಕು. ಮನೆಯ ಮಕ್ಕಳಿಗೆ ಇದನ್ನು ಮೊದಲ ದಿನವೇ ಕಲಿಸಿ. ನುಣುಪಾದ ಟೈಲ್ಸ್ ನೆಲದ ಮೇಲೆ ಮರಿ ಓಡುವ ದಾರಿಯಲ್ಲಿ ಚಾಪೆ ಹಾಸಿ, ಸೋಫಾದಿಂದ ಜಿಗಿಯಲು ಬಿಡದೆ ಇಳಿಜಾರು ಹಲಗೆ ಇಡಿ, ಕತ್ತಿನ ಪಟ್ಟಿಗೆ ಬದಲು ಎದೆಪಟ್ಟಿ ಬಳಸಿ. ತೂಕ ಹೆಚ್ಚಿದಷ್ಟೂ ಬೆನ್ನಿಗೆ ಹೊರೆ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದಿದ್ದರೂ ಕೈಗೆ ಸಿಗುತ್ತಿರಬೇಕು. ಊಟದ ಹೊತ್ತಿಗೆ ಆಚೀಚೆಯವರೆಲ್ಲ ಕೊಡುವ ನೀರುದೋಸೆಯ ತುಂಡು, ಬಂಗುಡೆಯ ಚೂರು ಐದು ಕಿಲೋ ತೂಗದ ಪ್ರಾಣಿಗೆ ಸಣ್ಣ ಲೆಕ್ಕವಲ್ಲ. ಮೀನಿನ ಮುಳ್ಳಿನ ಅಪಾಯವಂತೂ ಬೇರೆಯೇ.

ಬೆನ್ನಿನ ಭಯದಿಂದ ನಾಯಿಯನ್ನು ಕೂಡಿಹಾಕುವುದೂ ಸರಿಯಲ್ಲ, ಏಕೆಂದರೆ ಬೆನ್ನುಮೂಳೆಯನ್ನು ಹಿಡಿದಿಡುವ ಸ್ನಾಯುಗಳು ಗಟ್ಟಿಯಾಗುವುದು ನಡಿಗೆಯಿಂದಲೇ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಕಷ್ಟದ ಮಾತು. ಮಳೆ ಹೊಳವಾದಾಗ ಹೊರಟರೂ ಈ ನಾಯಿಯ ಹೊಟ್ಟೆ ಗುಂಡಿಯ ನೀರನ್ನು ಸವರಿಕೊಂಡೇ ಹೋಗುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ತಗಲುವ ಊರು ನಮ್ಮದಾದ್ದರಿಂದ, ಅದರ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿ, ವರ್ಷವರ್ಷವೂ ಮುಂದುವರಿಸಿ. ಮನೆಗೆ ಮರಳಿದ ಕೂಡಲೇ ಹೊಟ್ಟೆ, ಬೆರಳಸಂದು ಹಾಗೂ ಜೋಲುಕಿವಿಯ ಒಳಮೈಯನ್ನು ಒರೆಸಿ ಒಣಗಿಸಿ. ಅಗೆಯುವುದು ಇದರ ರಕ್ತದಲ್ಲೇ ಇದೆ. ಹಿತ್ತಿಲ ಹುತ್ತ, ಮುರಕಲ್ಲಿನ ಪಾಗಾರದ ಸಂದುಗಳಲ್ಲಿ ಹಾವಿರುವುದು ಇಲ್ಲಿ ಹೊಸತೇನಲ್ಲವಾದ್ದರಿಂದ ಹಿತ್ತಿಲಿಗೆ ಇದನ್ನು ಒಂಟಿಯಾಗಿ ಬಿಡಬೇಡಿ.

ಯಾವಾಗಲೂ ಹತ್ತುವ ಮೆಟ್ಟಿಲೆದುರು ನಾಯಿ ನಿಂತುಬಿಟ್ಟರೆ, ಎತ್ತುವಾಗ ಕಿರುಚಿದರೆ, ಬೆನ್ನನ್ನು ಗೂನುಮಾಡಿ ನಡುಗಿದರೆ, ಅದು ಗ್ಯಾಸ್ ಎಂದು ಸುಮ್ಮನಿರಬಾರದು. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಸಣ್ಣ ಗೂಡಿನಲ್ಲಿ ಅಲುಗಾಡದಂತೆ ಮಲಗಿಸಿ ಅದೇ ದಿನ ವೈದ್ಯರಿಗೆ ತೋರಿಸಿ. ಹಿಂಗಾಲುಗಳು ಪೂರ್ತಿ ಸೋತು, ಬೆರಳನ್ನು ಬಲವಾಗಿ ಚಿವುಟಿದರೂ ನಾಯಿಗೆ ಅರಿವಾಗದಿದ್ದರೆ ಶಸ್ತ್ರಚಿಕಿತ್ಸೆಯನ್ನು ಒಂದೆರಡು ದಿನವೂ ಮುಂದೂಡುವಂತಿಲ್ಲ. ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಪ್ರತಿಯೊಂದು ಕ್ಲಿನಿಕ್ಕಿನಲ್ಲೂ ಆಗುವಂಥದ್ದಲ್ಲ. ಆದ್ದರಿಂದ ಅದು ಎಲ್ಲಿ ಲಭ್ಯ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮರಿ ತರುವ ವಾರವೇ ನಿಮ್ಮ ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ.