ವಾಂಡಾ: ಬದನಿಕೆಯಲ್ಲದ ಬದನಿಕೆ

ಕೇಳುಗರಿಗೆ ನಮಸ್ಕಾರ.

ಹಳೇ ಮಾವಿನ ತೋಪಿನಲ್ಲಿ ಓಡಾಡಿದವರು ಇದನ್ನು ನೋಡಿಯೇ ಇರುತ್ತೀರಿ. ಕೊಂಬೆಯ ಕವಲಿನಲ್ಲಿ ಒಂದು ಗಿಡ. ಪಟ್ಟಿಯಂಥ ದಪ್ಪ ಎಲೆಗಳು, ಎಡಕ್ಕೊಂದು ಬಲಕ್ಕೊಂದು, ಜಡೆ ಹೆಣೆದ ಹಾಗೆ. ಕೆಳಗೆ ಬಿಳಿ ಬೇರುಗಳು, ಯಾರೋ ಬಿಟ್ಟುಹೋದ ಹಗ್ಗದ ತುಂಡುಗಳಂತೆ ಗಾಳಿಯಲ್ಲಿ ಜೋತಾಡುತ್ತಿರುತ್ತವೆ. ಇದೇನು ಅಂತ ತೋಟದವರನ್ನು ಕೇಳಿ ನೋಡಿ. "ಅಯ್ಯೋ, ಬದನಿಕೆ ಸಾರ್, ಮರ ತಿನ್ನುತ್ತೆ" ಅನ್ನುವ ಉತ್ತರ ಸಿಗುವುದೇ ಜಾಸ್ತಿ. ಮಚ್ಚು ಕೈಯಲ್ಲಿದ್ದರೆ ಮಾತಿನ ಜೊತೆಗೇ ಗಿಡವೂ ಕೆಳಗೆ ಬಿದ್ದಿರುತ್ತದೆ.

ಅದು ಬದನಿಕೆ ಅಲ್ಲ. ಅದು ಆರ್ಕಿಡ್. ಸಸ್ಯಶಾಸ್ತ್ರದವರು ಕೊಟ್ಟ ಹೆಸರು ವಾಂಡಾ ಟೆಸೆಲೇಟಾ. ತಮಾಷೆ ಏನು ಗೊತ್ತಾ? ಆ ವಾಂಡಾ ಎಂಬ ಹೆಸರಿಗೂ ಮೂಲದಲ್ಲಿ ಬದನಿಕೆ ಎಂದೇ ಅರ್ಥ. ತೋಟದವರು ಮಾಡಿದ ತಪ್ಪನ್ನೇ ಪಂಡಿತರೂ ಮಾಡಿ, ಅದಕ್ಕೆ ಲ್ಯಾಟಿನ್ ಅಂಗಿ ತೊಡಿಸಿಬಿಟ್ಟರು.

ಸಂಸ್ಕೃತದಲ್ಲಿ ವಂದಾ ಎಂಬ ಪದವಿದೆ. ಅಮರಕೋಶದಲ್ಲಿ ಅದರ ಜೊತೆಗೇ ವೃಕ್ಷಾದನಿ, ವೃಕ್ಷರುಹಾ ಅಂತ ಎರಡು ಹೆಸರು ಬರುತ್ತವೆ. ಮೊದಲನೆಯದು ಮರವನ್ನು ತಿನ್ನುವಂಥದ್ದು. ಎರಡನೆಯದು ಮರದ ಮೇಲೆ ಬೆಳೆಯುವಂಥದ್ದು. ತಿನ್ನುವುದೂ ಕೂತಿರುವುದೂ ಒಂದೇ ಸಾಲಿನಲ್ಲಿ! ನಮ್ಮ ಬಂದಳಿಕೆ, ಬಂದನಿಕೆ, ಬದನಿಕೆ ಎಂಬ ಮಾತುಗಳೂ ಈ ವಂದಾ ಪಕ್ಕದಲ್ಲಿಟ್ಟರೆ ನೆಂಟರ ಹಾಗೆ ಕೇಳಿಸುತ್ತವೆ, ಅಲ್ವಾ?

ಈ ಪದವನ್ನು ಆರ್ಕಿಡ್‌ಗೆ ಅಂಟಿಸಿದವರು ಸರ್ ವಿಲಿಯಂ ಜೋನ್ಸ್. ಕಲ್ಕತ್ತದಲ್ಲಿ ನ್ಯಾಯಾಧೀಶರಾಗಿದ್ದವರು, 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದವರು. ಬಂಗಾಳದ ಮರಗಳ ಮೇಲಿದ್ದ ಈ ಗಿಡಕ್ಕೆ ಅವರು ವಂದಾ ಎಂದೇ ಹೆಸರು ಬರೆದುಕೊಂಡರು. ಅವರು ತೀರಿಕೊಂಡ ಮರುವರ್ಷ, 1795ರಲ್ಲಿ, ಆ ಬರಹ ಅಚ್ಚಾಯಿತು. ಆಮೇಲೆ 1820ರಲ್ಲಿ ಲಂಡನ್ನಿನ ರಾಬರ್ಟ್ ಬ್ರೌನ್ ಅದನ್ನೇ ಒಂದು ಕುಲದ, ಅಂದರೆ ಹತ್ತಿರದ ಪ್ರಭೇದಗಳ ಒಂದು ಗುಂಪಿನ, ಹೆಸರಾಗಿ ಗಟ್ಟಿ ಮಾಡಿದರು. ಬ್ರೌನಿಯನ್ ಚಲನೆ ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಬ್ರೌನ್.

ಹಾಗಾದರೆ ಈ ಗಿಡ ಮರವನ್ನು ತಿನ್ನುವುದಿಲ್ಲವೇ? ಒಂದು ಮಳೆಗಾಲದ ಶುರುವಿನಲ್ಲಿ ನಮ್ಮ ಮನೆ ಹತ್ತಿರದ ಮಾವಿನ ಮರದ ಕೊಂಬೆ ಗಾಳಿಗೆ ಮುರಿದು ಬಿತ್ತು. ಅದರ ಮೇಲೊಂದು ವಾಂಡಾ, ಸ್ವಲ್ಪ ದೂರದಲ್ಲೇ ಒಂದು ನಿಜವಾದ ಬದನಿಕೆ. ಎರಡೂ ಒಂದೇ ಕೊಂಬೆಯಲ್ಲಿ. ಇಂಥ ಅವಕಾಶ ಬಿಡುವುದುಂಟೇ? ಬ್ಲೇಡು ತಗೊಂಡು ಕೂತೆ. ಬದನಿಕೆ ಕೂತಿದ್ದ ಕಡೆ ಕೊಂಬೆ ಗಂಟು ಕಟ್ಟಿತ್ತು. ಸೀಳಿದರೆ ಅದರ ಮೈ ಎಲ್ಲಿ ಮುಗಿಯಿತು, ಮಾವಿನ ಕಟ್ಟಿಗೆ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಅಷ್ಟು ಒಳಗೆ ಇಳಿದಿತ್ತು. ವಾಂಡಾದ ಬೇರು ಮಾತ್ರ ತೊಗಟೆಯ ಮೇಲೆ ಗೋಂದು ಹಾಕಿದ ಹಾಗೆ ಅಂಟಿತ್ತು. ಎಷ್ಟು ಗಟ್ಟಿ ಅಂದರೆ ಬಿಡಿಸಲು ಹೋದರೆ ಬೇರಿನ ಸಿಪ್ಪೆಯೇ ಹರಿದು ಬಂತು. ಆದರೆ ಒಂದು ಎಳೆಯೂ ಒಳಗೆ ಹೋಗಿರಲಿಲ್ಲ. ಅದಕ್ಕೆ ಬೇಕಾದದ್ದು ಊಟವಲ್ಲ, ಕೂರಲು ಒಂದು ಜಗಲಿ.

ಆ ಬೇರನ್ನು ಅಡ್ಡ ಕತ್ತರಿಸಿದರೆ ನಡುವೆ ತೆಳು ದಾರದಂಥ ಭಾಗ, ಸುತ್ತ ದಪ್ಪನೆಯ ಬಿಳಿ ಹೊದಿಕೆ. ಈ ಹೊದಿಕೆಗೆ ವೆಲಾಮೆನ್ ಎನ್ನುತ್ತಾರೆ. ಇದರ ಕೋಶಗಳೆಲ್ಲ ಸತ್ತು ಟೊಳ್ಳಾದವು. ಒಂದು ಹನಿ ನೀರು ಬಿಟ್ಟೆ. ಸ್ಪಂಜಿನ ಹಾಗೆ ಹೀರಿಕೊಂಡಿತು. ನೋಡನೋಡುತ್ತಿದ್ದಂತೆ ಬಿಳಿ ಹೋಗಿ ಹಸಿರು ಬಂತು. ಟೊಳ್ಳು ಕೋಶಗಳಲ್ಲಿ ಗಾಳಿ ಇದ್ದಾಗ ಬಿಳಿ. ನೀರು ತುಂಬಿದಾಗ ಒಳಗಿನ ಹಸಿರು ಕಾಣುತ್ತದೆ, ಅಷ್ಟೇ. ಹೌದು, ಈ ಬೇರೂ ಎಲೆಯ ಹಾಗೆ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಮರದಿಂದ ಕದಿಯುವ ಗಿಡಕ್ಕೆ ಇಷ್ಟೆಲ್ಲ ತಾಪತ್ರಯ ಯಾಕೆ ಬೇಕಿತ್ತು?

ಎಲೆಗಳದ್ದೂ ಇದೇ ಜಿಪುಣ ಸಂಸಾರ. ಹಗಲಲ್ಲಿ ಎಲೆಯ ಸಣ್ಣ ಬಾಯಿಗಳನ್ನು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ನೀರು ಆವಿಯಾಗದಿರಲಿ ಅಂತ. ಕಳ್ಳಿ ಗಿಡದ ಲೆಕ್ಕ. ಹತ್ತಿರ ಹೋದರೆ ಎಲೆಯ ತುದಿಯನ್ನು ನೋಡಿ, ಚೂಪಾಗಿರುವುದಿಲ್ಲ. ಯಾವುದೋ ಹುಳ ಕಚ್ಚಿ ತಿಂದಂತೆ ಹರಕು ಹರಕು. ಹುಟ್ಟುತ್ತಲೇ ಹಾಗೆ. ಇನ್ನು ಕಾಂಡ, ಅದು ಒಂದೇ. ಕವಲಿಲ್ಲದೆ ತುದಿಯಿಂದ ಮೇಲಕ್ಕೆ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಬೇರೆ ಎಷ್ಟೋ ಆರ್ಕಿಡ್‌ಗಳಿಗೆ ನೀರು ಕೂಡಿಡುವ ಗಡ್ಡೆಯಂಥ ಬುಡ ಇರುತ್ತದೆ. ವಾಂಡಾಗೆ ಆ ಉಗ್ರಾಣವೂ ಇಲ್ಲ.

ಆ ಬಿದ್ದ ಗಿಡವನ್ನು ನಾನು ಮನೆಗೆ ತಂದೆ. ಕುಂಡದಲ್ಲಿ ಕೆಂಪು ಮಣ್ಣು, ಗೊಬ್ಬರ ಹಾಕಿ ನೆಟ್ಟು ದಿನಾ ನೀರು ಹೊಯ್ದೆ. ಒಂದೂವರೆ ತಿಂಗಳಲ್ಲಿ ಕೊಳೆತು ಹೋಯಿತು. ಪ್ರೀತಿ ಮಾಡಿ ಕೊಂದೆ ಅನ್ನಿ. ಗಾಳಿಯಲ್ಲಿ ಇರಬೇಕಾದ ಬೇರನ್ನು ಮಣ್ಣಲ್ಲಿ ಹೂತರೆ ಇನ್ನೇನಾಗುತ್ತದೆ?

ಈಗ ಹೂವಿಗೆ ಬರೋಣ. ಎಲೆಯ ಕಂಕುಳಿನಿಂದ ಒಂದು ಕಡ್ಡಿ ಹೊರಡುತ್ತದೆ. ಅದರಲ್ಲಿ ಐದೋ ಹತ್ತೋ ಹೂ. ನಮ್ಮ ಟೆಸೆಲೇಟಾ ಹೂ ಹಳದಿ ಹಸಿರು, ಮೇಲೆ ಕಂದು ಗೆರೆಗಳ ಚೌಕಳಿ, ಒಳ್ಳೆ ಇಳಕಲ್ ಸೀರೆಯ ಮೈಯಂತೆ. ಟೆಸೆಲೇಟಾ ಎಂದರೂ ಚೌಕಳಿ ಎಂದೇ. ಐದು ಎಸಳಿಗೆ ಈ ಚೌಕಳಿ, ಆರನೆಯದಕ್ಕೆ ಮಾತ್ರ ನೇರಳೆ. ಆ ಆರನೆಯದಕ್ಕೆ ತುಟಿ ಎನ್ನುತ್ತಾರೆ. ಬರುವ ಹುಳಕ್ಕೆ ಅದೇ ಮೆಟ್ಟಿಲು. ಇನ್ನೊಂದು ವಿಚಿತ್ರ ಕೇಳಿ. ಮೊಗ್ಗಿನಲ್ಲಿ ಈ ತುಟಿ ಮೇಲ್ಗಡೆ ಇರುತ್ತದೆ. ಅರಳುವ ಮುಂಚೆ ಹೂವಿನ ತೊಟ್ಟು ಅರ್ಧ ಸುತ್ತು ತಿರುಚಿಕೊಂಡು ತುಟಿಯನ್ನು ಕೆಳಕ್ಕೆ ತರುತ್ತದೆ. ತೊಟ್ಟಿನ ಮೇಲೆ ಆ ತಿರುಚು ಬರಿಗಣ್ಣಿಗೇ ಕಾಣುತ್ತದೆ.

ತುಟಿಯ ಮೇಲ್ಗಡೆ ಒಂದು ಪುಟ್ಟ ಕಂಬ. ಗಂಡು ಭಾಗ, ಹೆಣ್ಣು ಭಾಗ ಎರಡೂ ಸೇರಿ ಒಂದಾದದ್ದು. ಒಂದು ಹಿಡಿಕಡ್ಡಿಯನ್ನು ಚೂಪಾಗಿ ಮುರಿದು ಆ ಕಂಬದ ಕೆಳಗೆ ಮೆಲ್ಲಗೆ ತೂರಿಸಿ ಹೊರಗೆ ಎಳೆಯಿರಿ. ಕಡ್ಡಿಯ ತುದಿಯಲ್ಲಿ ಎರಡು ಹಳದಿ ಗುಂಡು, ಸಾಸಿವೆಗಿಂತ ಚಿಕ್ಕವು, ಒಂದೇ ಕಾಲಿನ ಮೇಲೆ ನಿಂತಿರುತ್ತವೆ. ಕಾಲಿನ ಕೆಳಗೆ ಅಂಟಿನ ಬಿಲ್ಲೆ. ಹೂವಿನ ಪರಾಗವೆಲ್ಲ ಆ ಎರಡು ಮೇಣದ ಗುಂಡುಗಳಲ್ಲೇ ಇದೆ. ದಾಸವಾಳದಂತೆ ಪುಡಿ ಚೆಲ್ಲಾಡುವ ಮಾತೇ ಇಲ್ಲ. ಗಂಟು ಸಮೇತ ದುಂಬಿಯ ಮೈಗೆ ಅಂಟಿಸಿ ಕಳಿಸುವುದು. ತಲುಪಿದರೆ ಲಾಭ, ಇಲ್ಲದಿದ್ದರೆ ಗಂಟೂ ಹೋಯಿತು. ತಲುಪಿದಾಗ ಕಾಯಿ ಕಟ್ಟಿ ಒಳಗೆ ಧೂಳಿನಂಥ ಬೀಜ, ಎಣಿಸಲಾಗದಷ್ಟು. ಆ ಬೀಜಕ್ಕೆ ಬುತ್ತಿಯೇ ಇಲ್ಲ. ಮೊಳೆಯಬೇಕಾದರೆ ಒಂದು ಜಾತಿಯ ಬೂಸ್ಟು ಬಂದು ಉಣಿಸಬೇಕು. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಇದನ್ನು ಕಂಡುಕೊಂಡರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಬೂಸ್ಟಿನ ಬದಲು ಸಕ್ಕರೆ ಕೊಟ್ಟು ಗಾಜಿನ ಸೀಸೆಯಲ್ಲೇ ಮೊಳೆಸಿ ತೋರಿಸಿದರು. ಇವತ್ತು ನರ್ಸರಿಗಳಲ್ಲಿ ಸಿಗುವ ಆರ್ಕಿಡ್‌ಗಳ ಕಥೆ ಅಲ್ಲಿಂದ ಶುರು.

ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ, ನನಗೆ ರುಚಿ ಹತ್ತಿದ್ದು ಅದರಲ್ಲೇ.

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಗಳಿಗೆಲ್ಲ ಜೋಡಿ ಹೆಸರು ಕೊಟ್ಟಾಗ ಮರದ ಮೇಲಿನ ಆರ್ಕಿಡ್‌ಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿದರು. ಎಪಿಡೆಂಡ್ರಮ್, ಅಂದರೆ ಮರದ ಮೇಲಿನದು. ನಮ್ಮ ಕಡೆಯ ಗಿಡಗಳನ್ನು ಅವರು ಕಂಡದ್ದು ಹಾರ್ಟಸ್ ಮಲಬಾರಿಕಸ್ ಗ್ರಂಥದ ಚಿತ್ರಗಳಲ್ಲಿ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿ ತಯಾರಾದ ಗ್ರಂಥ. ಅದರಲ್ಲಿ ಹಳದಿ ಹೂವಿನ ಒಂದು ಆರ್ಕಿಡ್‌ಗೆ ಪೊನ್ನಾಂಪೂ ಮರವಾಳ ಎಂಬ ಮಲಯಾಳಂ ಹೆಸರಿದೆ. ಪೊನ್ನು ನಮ್ಮ ಹೊನ್ನು, ಪೂ ನಮ್ಮ ಹೂ, ಮರವಾಳ ಎಂದರೆ ಮರದ ಬಾಳೆ. ಎಷ್ಟು ಚೆಂದ! ತಿನ್ನುವ ಮಾತೇ ಇಲ್ಲ. ಈ ಹೊನ್ನ ಹೂವಿನ ಮರಬಾಳೆ ಮೊದಲು ಎಪಿಡೆಂಡ್ರಮ್ ಆಯಿತು. 1826ರಲ್ಲಿ ವಾಂಡಾ ಸ್ಪಾತುಲೇಟಾ ಆಯಿತು. 1992ರಲ್ಲಿ ಅದಕ್ಕೊಂದು ಬೇರೆ ಮನೆಯನ್ನೇ ಕಟ್ಟಿದರು, ಟಾಪ್ರೊಬೇನಿಯಾ ಅಂತ. ಶ್ರೀಲಂಕಾದ ಹಳೇ ಗ್ರೀಕ್ ಹೆಸರಿನಿಂದ ಬಂದದ್ದು. ಮಲಯಾಳಿಗಳ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮರವಾಳವೇ.

ಹತ್ತೊಂಬತ್ತನೇ ಶತಮಾನದಲ್ಲಿ ವಾಂಡಾ ಮನೆತನ ದೊಡ್ಡದಾಯಿತು. 1837ರಲ್ಲಿ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ವಿಲಿಯಂ ಗ್ರಿಫಿತ್ ಈಗಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ನೀಲಿ ವಾಂಡಾ ಕಂಡರು. ಅಂಗೈಯಗಲದ ತಿಳಿ ನೀಲಿ ಹೂ. 1850ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಜೋಸೆಫ್ ಹುಕರ್ ಅದೇ ಬೆಟ್ಟಗಳಿಗೆ ಹೋದವರು ಒಣಗಿಸಲಿಕ್ಕೆ ಅಂತ 360 ಹೂಗೊಂಚಲು ಕೊಯ್ಸಿ ಜಗಲಿಯ ಮೇಲೆ ರಾಶಿ ಹಾಕಿಸಿದರು. ಇಂಗ್ಲೆಂಡಿಗೆ ಅಂತ ಏಳು ಆಳು ಹೊರೆ ಗಿಡವನ್ನೂ ಕಳಿಸಿದರು. ಜೀವಸಹಿತ ತಲುಪಿದ್ದು ಬೆರಳೆಣಿಕೆ. ಓದಿದಾಗ ಹೊಟ್ಟೆ ಉರಿಯುತ್ತದೆ. ಆಮೇಲೆ ಬಂದ ವ್ಯಾಪಾರಿಗಳು ಬೆಟ್ಟವನ್ನೇ ಬೋಳಿಸಿದರು. ಕೊನೆಗೆ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ನೀಲಿ ವಾಂಡಾಗೆ ರಕ್ಷಣೆ ಕೊಡಬೇಕಾಯಿತು. ಅದೇ ಪಟ್ಟಿಯಲ್ಲಿ ಕೆಂಪು ವಾಂಡಾ ಅಂತಲೂ ಒಂದಿದೆ. ಅದು ವಾಂಡಾ ಅಲ್ಲವೇ ಅಲ್ಲ, ರೆನಾಂತೆರಾ ಎಂಬ ಬೇರೆ ಕುಲ. ಸರ್ಕಾರಿ ಕಾಗದದಲ್ಲಿ ಹೆಸರು ಒಮ್ಮೆ ಕೂತರೆ ಏಳಿಸುವುದು ಕಷ್ಟ, ಗೊತ್ತಲ್ಲ.

ಹಾಗಾದರೆ ವಾಂಡಾ ಯಾವುದು, ಅಲ್ಲದ್ದು ಯಾವುದು ಅಂತ ತೀರ್ಮಾನಿಸುವುದು ಹೇಗೆ? ಬಹಳ ಕಾಲ ಹೂವನ್ನು ನೋಡಿ. ಪರಾಗದ ಗುಂಡು ಎಷ್ಟು, ಕಾಲು ಉದ್ದವೋ ಗಿಡ್ಡವೋ, ತುಟಿಯ ಹಿಂದಿನ ಕೊಂಬು ಎಷ್ಟುದ್ದ. ಜರ್ಮನಿಯ ರುಡಾಲ್ಫ್ ಶ್ಲೆಕ್ಟರ್ 1914-15ರ ಸುಮಾರಿಗೆ ಹೀಗೆ ನೋಡಿಯೇ ವಾಂಡಾಗಳನ್ನು ಒಡೆದು ಯುವಾಂತೆ, ಪ್ಯಾಪಿಲಿಯೊನಾಂತೆ ಎಂದೆಲ್ಲ ಬೇರೆ ಒಲೆ ಹೂಡಿಸಿದರು. ಇದರಲ್ಲೊಂದು ತೊಡಕಿದೆ. ಹೂ ಅನ್ನುವುದು ನೆಂಟರಿಗಾಗಿ ಉಟ್ಟ ಬಟ್ಟೆ. ಜಪಾನಿನಲ್ಲಿ ಫೂರಾನ್ ಎಂಬ ಪುಟ್ಟ ಆರ್ಕಿಡ್ ಇದೆ. ಬಿಳಿ ಹೂ, ಹಿಂದೆ ದಾರದಷ್ಟು ಸಣ್ಣ ಉದ್ದ ಕೊಂಬು. ರಾತ್ರಿ ಬರುವ ಉದ್ದ ನಾಲಿಗೆಯ ಪತಂಗಕ್ಕಾಗಿ ಆ ವೇಷ. ಬಟ್ಟೆ ನೋಡಿ ಅದಕ್ಕೆ ನಿಯೋಫಿನೇಶಿಯಾ ಅಂತ ಬೇರೆ ಕುಲ ಮಾಡಿದ್ದರು. ಈಚೆಗೆ ಡಿಎನ್ಎ ಓದಲು ಬಂದ ಮೇಲೆ ನೋಡಿದರೆ ಅದು ವಾಂಡಾಗಳ ನಡುವೆಯೇ ಹುಟ್ಟಿದ ಕೂಸು! ಸಣ್ಣ ಕೇಸರಿ ಹೂವಿನ ಆಸ್ಕೊಸೆಂಟ್ರಮ್ ಕೂಡ ಹಾಗೇ ತವರಿಗೆ ವಾಪಸ್ ಬಂತು. ಫಿಲಿಪೀನ್ಸಿನ ವಾಲಿಂಗ್ ವಾಲಿಂಗ್, ಅಂದರೆ ಶ್ಲೆಕ್ಟರ್ ಯುವಾಂತೆ ಎಂದಿದ್ದ ಗಿಡ, ಅದೂ ಬಂತು. ಈಗ ಈ ಮನೆಯಲ್ಲಿ ಸುಮಾರು 80 ಪ್ರಭೇದ.

ಪೆನ್ಸಿಲ್ಲಿನಂಥ ಗುಂಡು ಎಲೆಯ ಪ್ಯಾಪಿಲಿಯೊನಾಂತೆಗಳು ಮಾತ್ರ ಹೊರಗೇ ಉಳಿದವು. ಇದರಿಂದ ಮುಜುಗರ ಆದದ್ದು ಸಿಂಗಪುರಕ್ಕೆ. 1893ರಲ್ಲಿ ಆ್ಯಗ್ನೆಸ್ ಜೋಕಿಂ ಎಂಬ ಆರ್ಮೇನಿಯನ್ ಮೂಲದ ಮಹಿಳೆಯ ತೋಟದಿಂದ ಬೆಳಕಿಗೆ ಬಂದ ಮಿಶ್ರತಳಿಯನ್ನು ಅವರು 1981ರಲ್ಲಿ ರಾಷ್ಟ್ರಪುಷ್ಪ ಮಾಡಿಕೊಂಡಿದ್ದರು. ಹೆಸರು ವಾಂಡಾ ಮಿಸ್ ಜೋಕಿಂ. ಅದರ ಅಪ್ಪ ಅಮ್ಮ ಇಬ್ಬರೂ ಈಗಿನ ಲೆಕ್ಕದಲ್ಲಿ ಪ್ಯಾಪಿಲಿಯೊನಾಂತೆ. ಜನ ಇನ್ನೂ ವಾಂಡಾ ಅಂತಲೇ ಕರೆಯುತ್ತಾರೆ, ಸುಮ್ನೆ ಯಾಕೆ ನಾಲಿಗೆ ತಿರುಚಬೇಕು?

ಮಲೆನಾಡಿನವರು ಕೇಳುತ್ತಿದ್ದೀರಿ ಅಂದುಕೊಂಡು ಒಂದು ಮಾತು. ನೀವು ಮುಡಿಯುವ ಸೀತಾಳೆ ದಂಡೆ ಇದೇ ಬಳಗದ್ದು, ದಾಯಾದಿ ಅನ್ನಿ. ಕುಲ ಬೇರೆ, ರಿಂಕೊಸ್ಟೈಲಿಸ್. ಅದೇ ಎಲೆ ಜಡೆ, ಅದೇ ಬಿಳಿ ಬೇರು. ಹೂವಿಲ್ಲದಾಗ ನೋಡಿದರೆ ನಾನೂ ಎಷ್ಟೋ ಸಲ ಮೋಸ ಹೋಗಿದ್ದೇನೆ.

ಕೊಂದ ಪಾಪ ಕಳೆಯಲಿ ಅಂತ ನಾನು ಆಮೇಲೆ ಒಂದು ನರ್ಸರಿಯಿಂದ ಕೇಸರಿ ಹೂವಿನ ಮಿಶ್ರತಳಿ ತಂದೆ. ಅರ್ಧ ವಾಂಡಾ, ಅರ್ಧ ಆಸ್ಕೊಸೆಂಟ್ರಮ್. ಹಾಗಾಗಿ ಪ್ಲಾಸ್ಟಿಕ್ ಲೇಬಲ್ಲಿನ ಮೇಲೆ ಆಸ್ಕೊಸೆಂಡಾ ಅಂತ ಬರೆದಿತ್ತು. ಈ ಸಲ ಬುದ್ಧಿ ಬಂದಿತ್ತು. ಮಣ್ಣು ಹಾಕದೆ ಹಲಗೆಗೆ ಕಟ್ಟಿ, ಸಂಪಿಗೆ ಮರಕ್ಕೆ ನೇತುಹಾಕಿದೆ. ಚೆನ್ನಾಗಿದೆ. ಎರಡು ಕುಲ ಒಂದಾದ ಮೇಲೆ ಆಸ್ಕೊಸೆಂಡಾ ಎಂಬ ಹೆಸರಿಗೆ ಅರ್ಥವೇ ಇಲ್ಲ, ಅದೀಗ ಬರೀ ವಾಂಡಾ. ಮೊನ್ನೆ ಈ ಭಾಷಣ ಬರೆಯಲು ಕೂತಾಗ ನೆನಪಾಗಿ, ಹೊಸ ಲೇಬಲ್ ಬರೆದುಕೊಂಡು ಸಂಪಿಗೆ ಮರದ ಹತ್ತಿರ ಹೋದೆ. ಹಸಿರು ತುದಿಯ ಒಂದು ಬೇರು ಹಳೇ ಲೇಬಲ್ಲಿನ ಮೇಲೆ ಹತ್ತಿ, ಅದನ್ನು ಹಲಗೆಗೆ ಸೇರಿಸಿ ಗಟ್ಟಿಯಾಗಿ ಅಂಟಿಸಿಬಿಟ್ಟಿತ್ತು. ಕಿತ್ತರೆ ಬೇರು ಹರಿಯುತ್ತದೆ. ಹೊಸ ಲೇಬಲ್ ಜೇಬಿಗೆ ಹಾಕಿಕೊಂಡು ಒಳಗೆ ಬಂದೆ.

ನಮಸ್ಕಾರ.